ಅರ್ಧ ಮೊಬೈಲಲ್ಲಿ, ಅರ್ಧ ಎದುರುಬದುರಲ್ಲಿ

ಬಿ.ಇ. ಓದುವ ಹುಡುಗನಿಗೆ ಸೈಕಾಲಜಿಯ ಉಸಾಬರಿ ಯಾಕೆ ಎಂದು ನೀವು ಕೇಳಬಹುದು. ನಮ್ಮಮ್ಮನೂ ಅದನ್ನೇ ಕೇಳಿದ್ದರು. ಕ್ರೆಡಿಟ್‌ಗಾಗಿ ಒಂದು ಆನ್‌ಲೈನ್ ಕೋರ್ಸ್ ಆರಿಸಿಕೊಳ್ಳಬೇಕಿತ್ತು. ಗಣಿತ ಇರಬಾರದು, ಪ್ರೋಗ್ರಾಮಿಂಗ್ ಇರಬಾರದು ಎಂದು ಪಟ್ಟಿಯಲ್ಲಿ ಹುಡುಕುತ್ತಾ ಹೋದಾಗ ಕಣ್ಣಿಗೆ ಬಿದ್ದದ್ದು ಮನಃಶಾಸ್ತ್ರದ ಪರಿಚಯ. ಎಂಟು ವಾರದ ಪಾಠವನ್ನು ಎರಡು ಪಟ್ಟು ವೇಗದಲ್ಲಿ ಓಡಿಸಿದೆ. ಊಟ ಮಾಡುತ್ತಾ ನೋಡಿದೆ, ಬಟ್ಟೆ ಮಡಚುತ್ತಾ ನೋಡಿದೆ, ಕೆಲವು ದಿನ ಕ್ರಿಕೆಟ್ ಸ್ಕೋರ್ ನೋಡುತ್ತಾ ಕೇಳಿಸಿಕೊಂಡೆ. ಅಸೈನ್‌ಮೆಂಟಿನ ಉತ್ತರಗಳು ಟೆಲಿಗ್ರಾಂ ಗುಂಪಿನಲ್ಲಿ ತಾವಾಗಿಯೇ ಬರುತ್ತಿದ್ದವು. ಪರೀಕ್ಷೆಗೆ ಮೂರು ದಿನ ಮುಂಚೆ ಕೂತು ಓದಿದೆ. ಅಂಕ ಚೆನ್ನಾಗಿಯೇ ಬಂತು. ಸರ್ಟಿಫಿಕೇಟನ್ನು ಲಿಂಕ್ಡ್‌ಇನ್‌ನಲ್ಲಿ ಹಾಕಿ ನಲವತ್ತು ಚಿಲ್ಲರೆ ಲೈಕ್ ಎಣಿಸಿದ್ದೂ ಆಯಿತು. ಪಾಠ ಮಾಡಿದವರದು ಏನೂ ತಪ್ಪಿಲ್ಲ, ಅವರು ಒಳ್ಳೆಯ ಮೇಷ್ಟ್ರು. ಕೇಳಿದವನು ನಾನು.

ಅದಾಗಿ ಎರಡು ತಿಂಗಳಿಗೆ ನನ್ನ ರೂಮ್‌ಮೇಟ್ ಊಟ ಬಿಟ್ಟ. ಮೂರು ವಿಷಯ ಬ್ಯಾಕ್ ಉಳಿದಿದ್ದವು, ಮನೆಯಲ್ಲಿ ಹೇಳಿರಲಿಲ್ಲ. ಮೊದಲು ಬೆಳಗಿನ ತಿಂಡಿಗೆ ಬರುವುದನ್ನು ನಿಲ್ಲಿಸಿದ, ಆಮೇಲೆ ಕ್ಲಾಸಿಗೆ, ಆಮೇಲೆ ರಾತ್ರಿ ಮೆಸ್ಸಿಗೂ. ಹಗಲೆಲ್ಲ ಹೊದ್ದು ಮಲಗಿರುತ್ತಿದ್ದ, ರಾತ್ರಿಯಿಡೀ ಎದ್ದಿರುತ್ತಿದ್ದ. ಸರ್ಟಿಫಿಕೇಟ್ ಇದ್ದವನಲ್ಲವೇ ನಾನು, ಹಾಸಿಗೆ ಪಕ್ಕ ನಿಂತು ಹೇಳಿದೆ: 'ಇದು ಎರಡು ವಾರಕ್ಕಿಂತ ಜಾಸ್ತಿ ಇದ್ದರೆ ಡಿಪ್ರೆಷನ್ ಇರಬಹುದು ಕಣೋ. ನಿದ್ದೆ, ಹಸಿವು, ಆಸಕ್ತಿ ಎಲ್ಲ ಕಮ್ಮಿಯಾಗಿದೆಯಲ್ಲ, ಲಕ್ಷಣಗಳೆಲ್ಲ ಮ್ಯಾಚ್ ಆಗ್ತಿವೆ. ಸ್ವಲ್ಪ ಪಾಸಿಟಿವ್ ಆಗಿ ಯೋಚ್ನೆ ಮಾಡು.' ಅವನು ಗೋಡೆ ಕಡೆ ತಿರುಗಿ ಮಲಗಿದ.

ಹೊಳೆನರಸೀಪುರದ ನಮ್ಮ ದೊಡ್ಡಮ್ಮನ ಮಗಳು ಬಿ.ಎಸ್ಸಿ. ನರ್ಸಿಂಗ್ ಓದುತ್ತಿದ್ದಾಳೆ. ನನಗಿಂತ ಒಂದು ವರ್ಷ ದೊಡ್ಡವಳು. ಆ ರಾತ್ರಿ ಅವಳಿಗೆ ಫೋನ್ ಮಾಡಿ ಎಲ್ಲ ಒಪ್ಪಿಸಿದೆ.

'ಅವನು ಏನಂದ?' ಎಂದಳು.

'ಏನೂ ಅನ್ನಲಿಲ್ಲ ಅಕ್ಕ.'

'ನೀನು ಏನಾದ್ರೂ ಕೇಳ್ದೇನೋ?'

ಕೇಳಿರಲಿಲ್ಲ. ಹದಿನೈದು ದಿನದಲ್ಲಿ ಒಂದು ಪ್ರಶ್ನೆಯನ್ನೂ ಕೇಳಿರಲಿಲ್ಲ. ಹೋಗಿ ನಿಲ್ಲಬೇಡ, ಪಕ್ಕದಲ್ಲಿ ಕೂತ್ಕೋ ಎಂದಳು. ಬುದ್ಧಿ ಹೇಳಬೇಡ ಎಂದಳು. ಸಾಯಬೇಕು ಅನ್ನಿಸುತ್ತಿದೆಯಾ ಎಂದು ನೇರವಾಗಿಯೇ ಕೇಳು, ಹಾಗೆ ಕೇಳಿದರೆ ಇಲ್ಲದ ಯೋಚನೆ ಹುಟ್ಟಿಸಿದಂತೆ ಆಗುವುದಿಲ್ಲ, ಹೇಳಿಕೊಳ್ಳಲು ದಾರಿ ಸಿಗುತ್ತದೆ ಎಂದಳು. ನನ್ನ ಕೈ ನಡುಗುತ್ತಿತ್ತು. ಕೇಳಿದೆ. ಅವನು ತುಂಬ ಹೊತ್ತು ಸುಮ್ಮನಿದ್ದು, 'ಹೂಂ, ಎರಡು ಸಲ' ಎಂದ. ಆ ರಾತ್ರಿ ಅವನನ್ನು ಒಬ್ಬನನ್ನೇ ಬಿಡಲಿಲ್ಲ. ಇಬ್ಬರೂ ಕೂತು ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದೆವು. ಕನ್ನಡದಲ್ಲೇ ಮಾತಾಡಿದರು. ಬೆಳಿಗ್ಗೆ ಅವನ ತಂದೆ ಬಂದರು, ಜಿಲ್ಲಾ ಆಸ್ಪತ್ರೆಗೆ ಹೋದೆವು. ಈಗ ಅವನು ಚೆನ್ನಾಗಿದ್ದಾನೆ, ಮೂರರಲ್ಲಿ ಎರಡು ವಿಷಯ ಪಾಸು ಮಾಡಿದ್ದಾನೆ. ಇದನ್ನು ಬರೆಯುವುದಕ್ಕೆ ಅವನೇ ಒಪ್ಪಿಗೆ ಕೊಟ್ಟ.

ಆಮೇಲೆ ನನ್ನನ್ನು ಕಾಡಿದ ಪ್ರಶ್ನೆ ಒಂದೇ. ಇಬ್ಬರೂ ಸೈಕಾಲಜಿ ಓದಿದ್ದೆವು. ಅವಳಿಗೆ ಬಂದದ್ದು ನನಗೆ ಯಾಕೆ ಬರಲಿಲ್ಲ?

ನರ್ಸಿಂಗ್ ಓದುವವರಿಗೆ ಮೊದಲ ಸೆಮಿಸ್ಟರಿನಲ್ಲೇ ಅನ್ವಯಿಕ ಮನಃಶಾಸ್ತ್ರ ಇದೆ. ಅಕ್ಕನ ಮೇಡಂ ಒಂದು ಉಪಾಯ ಮಾಡಿದ್ದರಂತೆ. ಪಾಠವನ್ನು ಹದಿನೈದು ನಿಮಿಷದ ರೆಕಾರ್ಡಿಂಗ್ ಮಾಡಿ ಹಿಂದಿನ ರಾತ್ರಿಯೇ ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು. ಕ್ಲಾಸಿನಲ್ಲಿ ಪಾಠ ಇಲ್ಲ. ಮೂರು ಮೂರು ಜನ ಕೂರಬೇಕು: ಒಬ್ಬಳು ರೋಗಿ, ಒಬ್ಬಳು ನರ್ಸ್, ಮೂರನೆಯವಳು ಕೈಯಲ್ಲಿ ಹಾಳೆ ಹಿಡಿದು ಗುರುತು ಹಾಕುವವಳು. ನರ್ಸ್ ಎಷ್ಟು ಸಲ ಪ್ರಶ್ನೆ ಕೇಳಿದಳು, ಎಷ್ಟು ಸಲ ನಡುವೆ ಬಾಯಿ ಹಾಕಿದಳು, ಎಷ್ಟು ಸಲ ಉಪದೇಶ ಮಾಡಿದಳು ಎಂದು ಲೆಕ್ಕ. 'ಮೊದಲನೇ ದಿನ ಹತ್ತು ನಿಮಿಷದಲ್ಲಿ ಏಳು ಸಲ ಬುದ್ಧಿ ಹೇಳಿದ್ದೆ ಕಣೋ, ಹಾಳೆ ನೋಡಿ ನಾಚಿಕೆ ಆಯ್ತು' ಎಂದಳು. ಹೇಳಿಕೊಡಬೇಕಾದದ್ದನ್ನು ಫೋನಿಗೆ ಬಿಟ್ಟು, ಮಾಡಿ ಕಲಿಯಬೇಕಾದದ್ದಕ್ಕೆ ಕ್ಲಾಸನ್ನು ಉಳಿಸಿಕೊಂಡಿದ್ದರು ಆ ಮೇಡಂ. ಬ್ಲೆಂಡೆಡ್ ಲರ್ನಿಂಗ್ ಅಂದರೆ ಇಷ್ಟೇ. ನನ್ನ ಕೋರ್ಸಿನಲ್ಲಿ ಮೊದಲಿನ ಅರ್ಧ ಮಾತ್ರ ಇತ್ತು.

ಹಾಗಾದರೆ ಹಳೇ ಪದ್ಧತಿಯ ಕ್ಲಾಸೇ ವಾಸಿಯೇ? ಅದನ್ನೂ ನೋಡಿದ್ದೇನೆ. ಅರಕಲಗೂಡಿನ ಹತ್ತಿರದ ಹಳ್ಳಿಯಿಂದ ನಮ್ಮ ಚಿಕ್ಕಪ್ಪನ ಮಗಳು ದಿನಾ ಹಾಸನಕ್ಕೆ ಬಂದು ಬಿ.ಎ. ಓದುತ್ತಾಳೆ. ಮನಃಶಾಸ್ತ್ರ ಅವಳ ಒಂದು ವಿಷಯ. ಹೋಗಲು ಒಂದು ಗಂಟೆಯ ಮೇಲೆ, ಬರಲು ಒಂದು ಗಂಟೆಯ ಮೇಲೆ. ಶಕ್ತಿ ಯೋಜನೆ ಬಂದ ಮೇಲೆ ಟಿಕೆಟ್ ಖರ್ಚಿಲ್ಲ, ಆದರೆ ಬೆಳಗಿನ ಬಸ್ಸಿನಲ್ಲಿ ಕಾಲಿಡಲು ಜಾಗವೂ ಇಲ್ಲ. ಹಾಸನ–ಮೈಸೂರು ರೈಲು ಹೊಳೆನರಸೀಪುರದ ಮೇಲೆ ಹೋಗುತ್ತದೆ, ಬೆಂಗಳೂರಿನ ರೈಲು ಚನ್ನರಾಯಪಟ್ಟಣದ ಮೇಲೆ ಹೋಗುತ್ತದೆ. ಅರಕಲಗೂಡಿಗೆ ರೈಲೂ ಇಲ್ಲ. ಹೀಗೆ ಬಂದು ಅವಳು ಕ್ಲಾಸಿನಲ್ಲಿ ಮಾಡುವುದು ಡಿಕ್ಟೇಷನ್ ಬರೆದುಕೊಳ್ಳುವುದು. 'ಅಣ್ಣ, ಕಲಿಕೆಯ ವ್ಯಾಖ್ಯೆ ಐದು ಜನರದ್ದು ಬರೆಸಿದ್ದಾರೆ, ಐದೂ ಬಾಯಿಪಾಠ ಆಗಿದೆ' ಎಂದು ನಗುತ್ತಾಳೆ. ಕಪಾಟಿನಲ್ಲಿ ಪ್ರಯೋಗದ ಸಾಮಾನು ಇದೆಯಂತೆ. ಕೀಲಿ ಯಾರ ಹತ್ತಿರ ಇದೆ ಎಂಬುದು ಅವಳಿಗೆ ಗೊತ್ತಿಲ್ಲ.

ಪ್ರಾಕ್ಟಿಕಲ್ ರೆಕಾರ್ಡ್ ಬುಕ್ಕು ಮಾತ್ರ ಚೊಕ್ಕವಾಗಿತ್ತು. ಮ್ಯೂಲರ್–ಲೈಯರ್ ಭ್ರಮೆ, ಕನ್ನಡಿ ನೋಡಿ ನಕ್ಷತ್ರ ಬರೆಯುವ ಪ್ರಯೋಗ, ಎಲ್ಲಕ್ಕೂ ಫಲಿತಾಂಶ ಬರೆದಿದ್ದಳು. 'ಯಾರ ಮೇಲೆ ಮಾಡಿದೆ?' ಎಂದರೆ, 'ಯಾರ ಮೇಲೂ ಇಲ್ಲ, ಸೀನಿಯರ್ ಬುಕ್ಕಿಂದ ನೋಡಿ ಬರೆದೆ.'

ಯುಗಾದಿ ರಜೆಗೆ ಹೋದಾಗ ಆ ಎರಡನೆಯದನ್ನು ನಿಜವಾಗಿ ಮಾಡಿದೆವು. ಬೇಕಾದದ್ದು ಒಂದು ಗೋಡೆ ಕನ್ನಡಿ, ಎರಡು ಗೆರೆಯ ನಕ್ಷತ್ರ ಬಿಡಿಸಿದ ಹಾಳೆಗಳು, ಕೈ ನೇರವಾಗಿ ಕಾಣದಂತೆ ಅಡ್ಡ ಹಿಡಿಯಲು ಒಂದು ರಟ್ಟು. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸಬೇಕು. ಗೆರೆ ದಾಟಿದರೆ ತಪ್ಪು, ಸಮಯವನ್ನೂ ಬರೆದುಕೊಳ್ಳಬೇಕು. ನಮ್ಮಜ್ಜಿಯನ್ನು ಕೂರಿಸಿದೆವು. ಮೊದಲು ಎಡಗೈಯಲ್ಲಿ ಒಂದು ಸಲ. ಅಜ್ಜಿಯ ಪೆನ್ಸಿಲ್ ಮೂಲೆಗೆ ಹೋಗಿ ಅಲ್ಲೇ ಗಿರಗಿರ ತಿರುಗಿತು. 'ಇದ್ಯಾವ ಮಾಟವೋ, ನನ್ನ ಕೈ ನನ್ನ ಮಾತು ಕೇಳ್ತಿಲ್ಲ' ಎಂದರು. ಆಮೇಲೆ ಬಲಗೈಯಲ್ಲಿ ಎಂಟು ಹತ್ತು ಸಲ ಅಭ್ಯಾಸ. ಕೊನೆಗೆ ಮತ್ತೆ ಎಡಗೈ. ಈ ಸಲ ಮೊದಲಿನ ಅರ್ಧ ಸಮಯವೂ ಹಿಡಿಯಲಿಲ್ಲ. ಅಭ್ಯಾಸ ಮಾಡಿದ್ದು ಬಲಗೈ, ಕಲಿತದ್ದು ಎಡಗೈಯೂ. ಕಲಿಕೆ ಕೈಯಲ್ಲಿ ಮಾತ್ರ ಕೂತಿಲ್ಲ ಎಂಬುದಕ್ಕೆ ಪುಸ್ತಕದಲ್ಲಿ ಅರ್ಧ ಪುಟ ಇದೆ. ತಂಗಿಗೆ ಅದು ತಲೆಗೆ ಹೋದದ್ದು ಅಜ್ಜಿಯ ಬೆರಳು ನೋಡಿದಾಗ. ಅಷ್ಟರಲ್ಲಿ ಅವಳೇ ಇನ್ನೊಂದು ಪ್ರಶ್ನೆ ಎತ್ತಿದಳು: 'ಅಣ್ಣ, ಬಲಗೈ ಅಭ್ಯಾಸ ಇಲ್ಲದೆ, ಎಡಗೈಯಲ್ಲೇ ಎರಡನೇ ಸಲ ಮಾಡಿದ್ರೂ ಬೇಗ ಆಗ್ತಿತ್ತೇನೋ? ಹೆಂಗೆ ಹೇಳೋದು?' ಹಾಗಾಗಿ ಚಿಕ್ಕಪ್ಪನನ್ನು ಕರೆದು, ನಡುವೆ ಅಭ್ಯಾಸವನ್ನೇ ಕೊಡದೆ ಎರಡು ಸಲ ಎಡಗೈಯಲ್ಲಿ ಬರೆಸಿದೆವು. ನಿಯಂತ್ರಿತ ಗುಂಪು ಎಂಬ ಪದದ ವ್ಯಾಖ್ಯೆ ಅವಳಿಗೆ ಬಾಯಿಪಾಠ ಇತ್ತು. ಅದು ಯಾಕೆ ಬೇಕು ಎಂದು ಅವಳಿಗೆ ಹೊಳೆದದ್ದು ಆವತ್ತು.

ನಮ್ಮ ನಾಲ್ಕು ಊರುಗಳಲ್ಲಿ ಮನಃಶಾಸ್ತ್ರ ಎಷ್ಟು ಕಡೆ ಅಡಗಿ ಕೂತಿದೆ ನೋಡಿ. ಬಿ.ಎ.ಯಲ್ಲಿ ವಿಷಯವಾಗಿ ತೆಗೆದುಕೊಳ್ಳುವವರು ಕಡಿಮೆ. ಆದರೆ ಬಿ.ಇಡಿ. ಮಾಡುವವರೆಲ್ಲ ಮಕ್ಕಳ ಬೆಳವಣಿಗೆ, ಕಲಿಕೆ ಎಂದು ಅದನ್ನೇ ಓದುತ್ತಾರೆ. ನರ್ಸಿಂಗ್‌ನವರು ಓದುತ್ತಾರೆ. ಹೊಳೆನರಸೀಪುರದಲ್ಲಿ ಸರ್ಕಾರಿ ಗೃಹವಿಜ್ಞಾನ ಮಹಿಳಾ ಕಾಲೇಜೇ ಇದೆ, ಗೃಹವಿಜ್ಞಾನದಲ್ಲಿ ಮಾನವ ಅಭಿವೃದ್ಧಿ ಎಂಬುದು ಒಂದು ಮುಖ್ಯ ಭಾಗ. ಚನ್ನರಾಯಪಟ್ಟಣದ ನನ್ನ ಪಿಯು ಗೆಳೆಯನ ಅಕ್ಕ ಬಿ.ಇಡಿ. ವಿದ್ಯಾರ್ಥಿನಿ. ಅವರು ಓದುವ ಪಿಯಾಜೆ, ನಮ್ಮಕ್ಕ ಓದುವ ಪಿಯಾಜೆ, ತಂಗಿ ಓದುವ ಪಿಯಾಜೆ ಒಬ್ಬನೇ. ಮೂರು ಕಡೆ ಮೂರು ಜನ ಅದನ್ನೇ ಡಿಕ್ಟೇಷನ್ ಕೊಡುತ್ತಾರೆ. ಒಮ್ಮೆ ಕನ್ನಡದಲ್ಲಿ ಚೆನ್ನಾಗಿ ರೆಕಾರ್ಡ್ ಮಾಡಿಟ್ಟರೆ ಮೂವರ ಒಂದೊಂದು ಗಂಟೆ ಉಳಿಯುತ್ತದೆ. ಆ ಗಂಟೆಯಲ್ಲಿ ಅವರವರ ಕೆಲಸಕ್ಕೆ ಬೇಕಾದದ್ದನ್ನು ಮಾಡಿಸಬಹುದು: ಬಿ.ಇಡಿ.ಯವರು ಅಂಗನವಾಡಿಗೆ ಹೋಗಿ ಮಗುವಿನ ಮುಂದೆ ಉದ್ದ ಲೋಟ, ಅಗಲ ಬಟ್ಟಲು ಇಟ್ಟು 'ಯಾವುದರಲ್ಲಿ ನೀರು ಜಾಸ್ತಿ' ಎಂದು ಕೇಳಿ ಬರಬಹುದು.

ಈ ಯೋಚನೆ ಹೊಸದೇನಲ್ಲ, ನಮ್ಮ ಪಕ್ಕದ ಮೈಸೂರಿನದ್ದೇ. ಅಲ್ಲಿನ ಮಹಾರಾಜ ಕಾಲೇಜಿನಲ್ಲಿ 1924ರಲ್ಲಿ ಮನಃಶಾಸ್ತ್ರ ವಿಭಾಗ ಶುರುವಾಯಿತು. ಕಲ್ಕತ್ತ ಬಿಟ್ಟರೆ ದೇಶದಲ್ಲೇ ಮೊದಲಿನವುಗಳಲ್ಲಿ ಒಂದು. ಅದನ್ನು ಕಟ್ಟಿದವರು ಲಂಡನ್ನಿನಲ್ಲಿ ಸ್ಪಿಯರ್‌ಮನ್ ಬಳಿ ಓದಿ ಬಂದ ಎಂ.ವಿ. ಗೋಪಾಲಸ್ವಾಮಿ. ಇದೇ ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆ 'ವಿಠಲ ವಿಹಾರ'ದಲ್ಲಿ ಸಣ್ಣ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ರೇಡಿಯೊ ಕೇಂದ್ರ ನಡೆಸಿದರು. ಅದಕ್ಕಿಟ್ಟ ಹೆಸರು 'ಆಕಾಶವಾಣಿ'. ಆ ಹೆಸರು ಮುಂದೆ ಇಡೀ ದೇಶದ ರೇಡಿಯೊಗೆ ಬಂತು. ಆಕಾಶವಾಣಿ ಹುಟ್ಟಿದ್ದು ಮೈಸೂರಿನಲ್ಲಿ ಎಂದು ಕ್ವಿಜ್‌ಗಾಗಿ ಎಲ್ಲರೂ ಓದಿರುತ್ತೇವೆ. ಹುಟ್ಟಿಸಿದವರು ಸೈಕಾಲಜಿ ಮೇಷ್ಟ್ರು ಎನ್ನುವುದು ನನಗೆ ಗೊತ್ತಿರಲಿಲ್ಲ. ಮೇಷ್ಟ್ರ ದನಿ ಗೋಡೆ ದಾಟಿ ಹೋಗಬಹುದು ಎಂದು ತೊಂಬತ್ತು ವರ್ಷದ ಹಿಂದೆಯೇ ಅವರು ತೋರಿಸಿಕೊಟ್ಟಿದ್ದರು. ಹಾಗೆಂದು ಲ್ಯಾಬ್ ಮುಚ್ಚಲಿಲ್ಲ. ಮೈಸೂರಿನಲ್ಲಿ ಮನಃಶಾಸ್ತ್ರ ಓದಿದವರಲ್ಲಿ ತ್ರಿವೇಣಿಯವರೂ ಒಬ್ಬರು. 'ಶರಪಂಜರ', 'ಬೆಕ್ಕಿನ ಕಣ್ಣು' ಓದಿದ ಎಷ್ಟೋ ಮನೆಗಳಲ್ಲಿ ಮನಸ್ಸಿಗೂ ಕಾಯಿಲೆ ಬರುತ್ತದೆ ಎಂಬ ಮಾತು ಮೊದಲು ಹೊಕ್ಕಿದ್ದು ಸಿಲಬಸ್ಸಿನಿಂದಲ್ಲ, ಕಾದಂಬರಿಯಿಂದ.

ಈಗ ನಿಯಮಗಳ ವಿಷಯ. ಕೆಲಸ ಹುಡುಕುತ್ತಿರುವವರು ಇದನ್ನು ಸ್ವಲ್ಪ ಗಮನವಿಟ್ಟು ಓದಿ. ರೆಗ್ಯುಲರ್ ಕಾಲೇಜಿನಲ್ಲಿ ಒಂದು ಕೋರ್ಸಿನ ಶೇ 40ರವರೆಗೆ ಆನ್‌ಲೈನ್‌ನಲ್ಲಿ, ಉಳಿದದ್ದು ತರಗತಿಯಲ್ಲಿ ಕಲಿಸುವ ಮಿಶ್ರ ಪದ್ಧತಿಯನ್ನು ಯುಜಿಸಿ 2021ರಲ್ಲೇ ಮುಂದಿಟ್ಟಿದೆ. ಸ್ವಯಂ ವೇದಿಕೆಯ ಕೋರ್ಸ್‌ಗಳಿಗೂ ಒಂದು ಸೆಮಿಸ್ಟರಿನ ಕೋರ್ಸ್‌ಗಳಲ್ಲಿ ಶೇ 40ರವರೆಗೆ ಕ್ರೆಡಿಟ್ ಪಡೆಯಲು ಅದೇ ವರ್ಷದ ನಿಯಮ ಅವಕಾಶ ಕೊಡುತ್ತದೆ. ಆದರೆ 2025ರ ಜುಲೈ–ಆಗಸ್ಟ್ ಅವಧಿಯಿಂದ ಮನಃಶಾಸ್ತ್ರದ ಪದವಿಯನ್ನು ಪೂರ್ತಿ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಕೊಡುವಂತಿಲ್ಲ ಎಂದು ಯುಜಿಸಿ ಹೇಳಿದೆ. ಮನಃಶಾಸ್ತ್ರವನ್ನು ಆರೋಗ್ಯ ಸಂಬಂಧಿ ವೃತ್ತಿಗಳ 2021ರ ಕಾಯ್ದೆಯ ಅಡಿ ಲೆಕ್ಕ ಹಿಡಿದಿರುವುದು ಇದಕ್ಕೆ ಕಾರಣ.

ಈ ಸುದ್ದಿ ಓದಿದಾಗ ನನಗೆ ಸಿಟ್ಟು ಬಂತು. ಮದುವೆಯಾಗಿ ಊರು ಬಿಡಲಾಗದವರು, ಕೆಲಸ ಮಾಡಿಕೊಂಡು ಓದುವವರು, ಹಾಸನದವರೆಗೂ ಬರಲಾಗದವರು ಎಲ್ಲಿಗೆ ಹೋಗಬೇಕು? ಅವರಿಗಿದ್ದ ಬಾಗಿಲು ಅದೊಂದೇ. ಆಮೇಲೆ ರೂಮ್‌ಮೇಟಿನ ಹಾಸಿಗೆ ಪಕ್ಕ ನಿಂತಿದ್ದ ನನ್ನನ್ನೇ ನೆನೆಸಿಕೊಂಡೆ. ನನ್ನಂಥವನು ಅದೇ ಎರಡು ಪಟ್ಟು ವೇಗದಲ್ಲಿ ಎಂ.ಎ.ಯನ್ನೂ ಮುಗಿಸಿ, ಬೋರ್ಡು ಹಾಕಿಕೊಂಡು ಕೂತಿದ್ದರೆ? ನಿಷೇಧಕ್ಕೆ ಅರ್ಥವಿದೆ. ಆದರೆ ಬಾಗಿಲು ಮುಚ್ಚಿದ ಮೇಲೆ ಕಿಟಕಿಯನ್ನಾದರೂ ತೆರೆಯಬೇಕಲ್ಲ? ತಾಲ್ಲೂಕು ಮಟ್ಟದ ಕಾಲೇಜಿನಲ್ಲಿ ಮಿಶ್ರ ಪದ್ಧತಿ ಬರದಿದ್ದರೆ ಈ ನಿಷೇಧದ ಪೆಟ್ಟು ಬೀಳುವುದು ಅರಕಲಗೂಡಿನ ಹುಡುಗಿಗೆ, ಬೆಂಗಳೂರಿನವರಿಗಲ್ಲ.

ಇನ್ನೊಂದು ಕಡೆ ಬೇಡಿಕೆ ಏರುತ್ತಿದೆ. 100 ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಶಿಕ್ಷಣ ಸಂಸ್ಥೆಗಳು ಅರ್ಹ ಆಪ್ತಸಮಾಲೋಚಕರನ್ನೋ ಮನಃಶಾಸ್ತ್ರಜ್ಞರನ್ನೋ ಸಮಾಜ ಕಾರ್ಯಕರ್ತರನ್ನೋ ಇಟ್ಟುಕೊಳ್ಳಬೇಕು ಎಂದು 2025ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಮಾರ್ಗಸೂಚಿ ಕೊಟ್ಟಿದೆ. ಎನ್‌ಸಿಆರ್‌ಬಿ ಲೆಕ್ಕದಂತೆ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ ವಿದ್ಯಾರ್ಥಿಗಳು 13,044. ನಿಮ್ಹಾನ್ಸ್ ನಡೆಸಿದ 2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ, ಕಾಯಿಲೆ ಯಾವುದು ಎಂಬುದರ ಮೇಲೆ, ಚಿಕಿತ್ಸೆ ಸಿಗದೆ ಉಳಿಯುವವರು ಶೇ 70ರಿಂದ 92ರಷ್ಟು. ನಮ್ಮ ತಾಲ್ಲೂಕುಗಳ ಶಾಲೆ, ಪಿಯು ಕಾಲೇಜು, ಹಾಸ್ಟೆಲ್‌ಗಳಿಗೆಲ್ಲ ಹಾಸನದ ಕನ್ನಡದಲ್ಲಿ ಕೇಳಿಸಿಕೊಳ್ಳಬಲ್ಲವರು ಬೇಕು. 'ಮನಸ್ಸಿಗೆ ಬ್ಯಾಸರ' ಎಂದು ಹೊಲದಿಂದ ಬಂದ ತಾಯಿ ಹೇಳಿದಾಗ ಅದರ ಹಿಂದೆ ಏನೇನಿರಬಹುದು ಎಂದು ಇಂಗ್ಲಿಷ್ ಪ್ರಶ್ನಾವಳಿಗೆ ಗೊತ್ತಾಗದು. ಒಂದು ಎಚ್ಚರಿಕೆ: ಎಂ.ಎ. ಸೈಕಾಲಜಿ ಮಾಡಿದ ಮಾತ್ರಕ್ಕೆ ಕ್ಲಿನಿಕಲ್ ಸೈಕಾಲಜಿಸ್ಟ್ ಆಗುವುದಿಲ್ಲ. ಅದಕ್ಕೆ ಭಾರತೀಯ ಪುನರ್ವಸತಿ ಪರಿಷತ್ತು ಮಾನ್ಯ ಮಾಡಿದ ತರಬೇತಿ, ನೋಂದಣಿ ಎರಡೂ ಬೇಕು. ಮೂರು ತಿಂಗಳ ಆನ್‌ಲೈನ್ 'ಕೌನ್ಸೆಲಿಂಗ್ ಡಿಪ್ಲೊಮಾ' ಜಾಹೀರಾತಿಗೆ ದುಡ್ಡು ಕಟ್ಟುವ ಮುನ್ನ ಇದನ್ನು ವಿಚಾರಿಸಿ.

ಆನ್‌ಲೈನ್ ಅರ್ಧವನ್ನು ಹೇಗೆ ಮಾಡಬೇಕು? ಎಂಜಿನಿಯರಿಂಗ್ ಬುದ್ಧಿ, ಆ್ಯಪ್ ಕಟ್ಟೋಣ ಎಂದಿತು. ಓದುತ್ತಾ ಹೋದಂತೆ, ಆ್ಯಪ್‌ಗಿಂತ ಪ್ರಶ್ನೆಗಳು ಮುಖ್ಯ ಎಂದು ತಿಳಿಯಿತು. ಟೆಕ್ಸಾಸ್ ವಿಶ್ವವಿದ್ಯಾಲಯದ ಮನಃಶಾಸ್ತ್ರ ಪ್ರಾಧ್ಯಾಪಕರಾದ ಪೆನ್ನೆಬೇಕರ್ ಮತ್ತು ಗಾಸ್ಲಿಂಗ್ 2011ರಲ್ಲಿ ಸುಮಾರು 900 ವಿದ್ಯಾರ್ಥಿಗಳ ಪರಿಚಯ ಕೋರ್ಸಿನಲ್ಲಿ ದೊಡ್ಡ ಪರೀಕ್ಷೆಗಳನ್ನು ತೆಗೆದುಹಾಕಿ, ಪ್ರತಿ ಕ್ಲಾಸಿನ ಶುರುವಿನಲ್ಲಿ ಲ್ಯಾಪ್‌ಟಾಪ್ ಮೇಲೆ ಎಂಟು ಪ್ರಶ್ನೆಗಳ ಕಿರುಪರೀಕ್ಷೆ ಇಟ್ಟರು. ಉತ್ತರ ಸರಿಯೋ ತಪ್ಪೋ ಕೂಡಲೇ ಗೊತ್ತಾಗುತ್ತಿತ್ತು. ತಾವೇ ಹಿಂದೆ ಹಳೇ ರೀತಿಯಲ್ಲಿ ಪಾಠ ಮಾಡಿದ್ದ ತರಗತಿಗಿಂತ ಇವರ ಸಾಧನೆ ಉತ್ತಮವಾಗಿತ್ತು. ನನಗೆ ಹಿಡಿಸಿದ್ದು ಮುಂದಿನದು: ಅನುಕೂಲಸ್ಥ ಮನೆಯ ಮಕ್ಕಳಿಗೂ ಉಳಿದವರಿಗೂ ಇದ್ದ ಅಂಕದ ಅಂತರ ಅರ್ಧದಷ್ಟು ಇಳಿಯಿತು.

ಇದಕ್ಕೆ ಕಾರಣವನ್ನು ಸೈಕಾಲಜಿಯೇ ಹೇಳುತ್ತದೆ. ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಒಂದು ಗುಂಪಿಗೆ ಪಾಠವನ್ನು ಮತ್ತೆ ಓದಲು ಬಿಟ್ಟರು, ಇನ್ನೊಂದು ಗುಂಪಿಗೆ ಪುಸ್ತಕ ಮುಚ್ಚಿ ನೆನಪಿದ್ದಷ್ಟು ಬರೆಯಲು ಹೇಳಿದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು, ಶೇ 81ಕ್ಕೆ ಶೇ 75. ಒಂದು ವಾರದ ನಂತರ ಲೆಕ್ಕ ತಿರುಗಿತು: ಓದಿದವರು ಶೇ 42, ಬರೆದವರು ಶೇ 56. ಪರೀಕ್ಷೆ ಹಿಂದಿನ ರಾತ್ರಿ ಮತ್ತೆ ಮತ್ತೆ ಓದಿ 'ಎಲ್ಲ ಬಂತು' ಎನ್ನುವ ನಮ್ಮ ಹಾಸ್ಟೆಲಿನ ಇಡೀ ಬ್ಲಾಕಿಗೆ ಇದನ್ನು ಅಂಟಿಸಬೇಕು.

ನಾವೂ ಸಣ್ಣದಾಗಿ ಒಂದು ಪ್ರಯತ್ನ ಮಾಡಿದೆವು. ನಾಲ್ಕು ಊರಿನ ಐದು ಜನ, ಒಂದು ವಾಟ್ಸ್ಆ್ಯಪ್ ಗುಂಪು, ವಾರಕ್ಕೆ ಮೂರು ದಿನ ರಾತ್ರಿ ಎಂಟೂವರೆಗೆ ಗೂಗಲ್ ಫಾರ್ಮಿನಲ್ಲಿ ಎಂಟು ಪ್ರಶ್ನೆ. ಮೊದಲ ವಾರ ಎಲ್ಲರಿಗೂ ಎಂಟಕ್ಕೆ ಎಂಟು. ಒಬ್ಬರು ಹುಡುಕಿ ಇನ್ನೊಬ್ಬರಿಗೆ ಕಳಿಸುತ್ತಿದ್ದರು. ಆ ಒಬ್ಬರು ನಾನೇ ಎಂದು ಒಪ್ಪಿಕೊಳ್ಳುತ್ತೇನೆ. ಎರಡನೇ ವಾರ ಅಕ್ಕ ನಿಯಮ ಬದಲಿಸಿದಳು: ವ್ಯಾಖ್ಯೆ ಕೇಳುವಂತಿಲ್ಲ, ನಿಮ್ಮ ಮನೆಯದೋ ಬೀದಿಯದೋ ಒಂದು ಉದಾಹರಣೆ ಕೊಡಬೇಕು, ಗೂಗಲ್‌ನಲ್ಲಿ ಸಿಗುವುದು ನಡೆಯುವುದಿಲ್ಲ.

ಋಣಾತ್ಮಕ ಪುನರ್ಬಲನ ಎಂಬ ಪದ ನಮ್ಮೆಲ್ಲರನ್ನೂ ಕೆಡವಿತು. ಎಲ್ಲರೂ ಅದನ್ನು ಶಿಕ್ಷೆ ಎಂದೇ ತಿಳಿದಿದ್ದೆವು. ಹೋಂವರ್ಕ್ ಮಾಡದಿದ್ದರೆ ಬೀಳುವ ಪೆಟ್ಟು ಎಂದು ಬರೆದೆ ನಾನು. ತಂಗಿ ಬರೆದದ್ದು ಸೊಳ್ಳೆಬತ್ತಿ. ಬತ್ತಿ ಹಚ್ಚಿದರೆ ಸೊಳ್ಳೆ ಕಾಟ ತಪ್ಪುತ್ತದೆ, ಹಾಗಾಗಿ ನಾಳೆಯೂ ಹಚ್ಚುತ್ತೇವೆ. ಕೆಟ್ಟದ್ದೊಂದು ತೊಲಗುವುದರಿಂದ ಒಂದು ವರ್ತನೆ ಗಟ್ಟಿಯಾಗುತ್ತದೆ. ಶಿಕ್ಷೆಯಿಂದ ವರ್ತನೆ ಕಡಿಮೆಯಾಗಬೇಕು, ಇದರಿಂದ ಹೆಚ್ಚಾಗುತ್ತದೆ. ಚನ್ನರಾಯಪಟ್ಟಣದ ಬಿ.ಇಡಿ. ಅಕ್ಕ ಅದನ್ನು ಮುಂದುವರಿಸಿದರು: ಪರೀಕ್ಷೆಯ ಭಯಕ್ಕೆ ಕ್ಲಾಸು ತಪ್ಪಿಸಿಕೊಂಡ ಹುಡುಗನಿಗೆ ಆ ಹೊತ್ತಿಗೆ ಭಯ ತೊಲಗುತ್ತದೆ, ಹಾಗಾಗಿ ನಾಳೆಯೂ ತಪ್ಪಿಸಿಕೊಳ್ಳುತ್ತಾನೆ. ನಾನು ನನ್ನ ರೂಮ್‌ಮೇಟ್ ಮಲಗಿದ್ದ ಹಾಸಿಗೆ ಕಡೆ ನೋಡಿದೆ. ಇಂಥ ಉದಾಹರಣೆಗಳೇ ಕನ್ನಡದ ಪಠ್ಯವಾಗಬೇಕು. ಮಾದರಿಗೆ ಬರವಿಲ್ಲ. ಡಾ. ಎಂ. ಶಿವರಾಂ, ಡಾ. ಸಿ.ಆರ್. ಚಂದ್ರಶೇಖರ್ ಅವರಂಥ ವೈದ್ಯರು ಈ ಕಷ್ಟದ ವಿಷಯವನ್ನು ಮನೆಮಾತಿನಲ್ಲಿ ಬರೆದು ತೋರಿಸಿದ್ದಾರೆ.

ಯಾವುದು ಆನ್‌ಲೈನಿಗೆ ಬರಲೇಬಾರದು ಎಂಬುದೂ ಈ ಗುಂಪಿನಲ್ಲೇ ಗೊತ್ತಾಯಿತು. ಒಂದು ಭಾನುವಾರ ವಿಡಿಯೊ ಕಾಲ್‌ನಲ್ಲಿ ಮೂರು ಜನರ ಕೇಳಿಸಿಕೊಳ್ಳುವ ಅಭ್ಯಾಸ ಮಾಡೋಣ ಎಂದೆವು. ತಂಗಿ ಮಾತಾಡಬೇಕಿತ್ತು. ಎರಡು ವಾಕ್ಯ ಆಡಿ ನಿಲ್ಲಿಸಿದಳು. ಅವಳ ಹಿಂದೆ ಚಿಕ್ಕಪ್ಪ ಊಟಕ್ಕೆ ಕೂತಿದ್ದರು, ಅಜ್ಜಿ ಟಿವಿ ನೋಡುತ್ತಿದ್ದರು, ಮನೆಯಲ್ಲಿ ಇರುವುದು ಒಂದೇ ಹಜಾರ. ಮನೆಯ ವಿಷಯವನ್ನು ಮನೆಯಲ್ಲೇ ಕೂತು ಯಾರು ಹೇಳುತ್ತಾರೆ? ಬಾಗಿಲು ಹಾಕಿದ ತರಗತಿ ಬೇಕು, ಅಲ್ಲಿ ರೆಕಾರ್ಡಿಂಗ್ ಇರಬಾರದು, ಫೋನು ಚೀಲದಲ್ಲಿರಬೇಕು. ಗುಡ್ಡದ ಮರೆಯ ಹಳ್ಳಿಗಳಲ್ಲಿ ನೆಟ್‌ವರ್ಕ್ ಹೇಗೂ ನಂಬಿಕೆಗೆ ಅರ್ಹವಲ್ಲ. ಪಾಠವನ್ನು ಕಾಲೇಜಿನ ವೈಫೈನಲ್ಲಿ ಇಳಿಸಿಕೊಂಡು ಬಸ್ಸಿನಲ್ಲಿ ಕೇಳುವಂತಿರಬೇಕು, ವಿಡಿಯೊಗಿಂತ ಬರೀ ಆಡಿಯೊ ಆದರೂ ಸಾಕು.

ಇನ್ನು ನಾಲ್ಕು ಊರುಗಳನ್ನು ಜೋಡಿಸಿದರೆ ಮಾತ್ರ ಸಾಧ್ಯವಾಗುವ ಕೆಲಸವೊಂದಿದೆ, ನನಗೆ ಅದರ ಮೇಲೆಯೇ ಆಸೆ. ಮನಃಶಾಸ್ತ್ರದ ಪ್ರಮುಖ ಪತ್ರಿಕೆಗಳಲ್ಲಿ ಬರುವ ಅಧ್ಯಯನಗಳಲ್ಲಿ ಭಾಗವಹಿಸಿದವರಲ್ಲಿ ಶೇ 96ರಷ್ಟು ಜನ, ಜಗತ್ತಿನ ಶೇ 12ರಷ್ಟು ಜನಸಂಖ್ಯೆ ಇರುವ ಪಾಶ್ಚಾತ್ಯ ಕೈಗಾರಿಕಾ ದೇಶಗಳವರು ಎಂದು 2008ರಲ್ಲಿ ಆರ್ನೆಟ್ ಲೆಕ್ಕ ಹಾಕಿದ್ದರು. ಪುಸ್ತಕದಲ್ಲಿ 'ಮನುಷ್ಯ' ಎಂದಿರುವ ಕಡೆಯೆಲ್ಲ ನಮ್ಮಜ್ಜಿ ಇಲ್ಲ. ಒಂದು ಕಾಲೇಜಿನ ಹನ್ನೆರಡು ಹುಡುಗಿಯರು ಮಾಡಿದ ಪ್ರಯೋಗ ರೆಕಾರ್ಡ್ ಬುಕ್ಕಿನಲ್ಲಿ ಕೊನೆಯಾಗುತ್ತದೆ. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ವಿದ್ಯಾರ್ಥಿಗಳು ಒಂದೇ ವಿಧಾನದಲ್ಲಿ, ಒಬ್ಬೊಬ್ಬರು ತಮ್ಮ ಬೀದಿಯ ಐದು ಜನರ ಮೇಲೆ, ಹೆಸರು ಬರೆಯದೆ, ಒಪ್ಪಿಗೆ ಕೇಳಿ ಮಾಡಿ ಒಂದೇ ಶೀಟಿಗೆ ಸೇರಿಸಿದರೆ ಅದು ನಿಜವಾದ ಅಧ್ಯಯನ. ಸರಾಸರಿ, ಹರಡಿಕೆ, ವ್ಯತ್ಯಾಸ ಎಲ್ಲ ತಮ್ಮದೇ ಅಂಕಿಗಳ ಮೇಲೆ ಕಲಿಯಬಹುದು. ಶೀಟು ಕಟ್ಟಿಕೊಡಲು, ಗ್ರಾಫ್ ಬರುವಂತೆ ಮಾಡಲು ನಮ್ಮಂಥ ಎಂಜಿನಿಯರಿಂಗ್‌ನವರಿದ್ದೇವೆ. ಹೇಗೂ ಪದವಿಗೆ 100 ಎಐಸಿಟಿಇ ಆ್ಯಕ್ಟಿವಿಟಿ ಪಾಯಿಂಟ್ ಬೇಕು, ಸಸಿ ನೆಟ್ಟು ಫೋಟೊ ತೆಗೆಸಿಕೊಂಡು ಸಾಕಾಗಿದೆ.

ಇದಕ್ಕೆಲ್ಲ ದೊಡ್ಡ ದುಡ್ಡು ಬೇಕಾಗಿಲ್ಲ, ಆದರೆ ಉಪನ್ಯಾಸಕರ ಮೇಲೆ ಹೊರಿಸಿ ಕೈತೊಳೆದುಕೊಂಡರೆ ಆಗುವುದಿಲ್ಲ. ರೆಕಾರ್ಡ್ ಮಾಡುವ ಹೊತ್ತನ್ನು ಅವರ ಕೆಲಸದ ಗಂಟೆಯಲ್ಲಿ ಲೆಕ್ಕ ಹಿಡಿಯಬೇಕು. ಗಂಟೆಗಿಷ್ಟು ಎಂದು ದುಡಿಯುವ ಅತಿಥಿ ಉಪನ್ಯಾಸಕರಿಗಂತೂ ಇದು ಹೊಟ್ಟೆಪಾಡಿನ ಪ್ರಶ್ನೆ. 'ಪಾಠ ವಿಡಿಯೊದಲ್ಲೇ ಇದೆಯಲ್ಲ' ಎಂದು ಅವರ ಗಂಟೆಗಳನ್ನು ಕಡಿತ ಮಾಡಿದರೆ ಇಡೀ ಯೋಜನೆ ಅಲ್ಲಿಗೇ ಮುಗಿಯಿತು. ಉಳಿದ ಗಂಟೆ ಪ್ರಯೋಗಕ್ಕೆ ಹೋಗಬೇಕು, ಖಜಾನೆಗಲ್ಲ.

ತಂಗಿ ಈಚೆಗೆ ತಮ್ಮ ಮೇಡಂ ಹತ್ತಿರ ಧೈರ್ಯ ಮಾಡಿ ಕಪಾಟಿನ ಕೀಲಿ ಕೇಳಿದಳಂತೆ. 'ಇಷ್ಟು ವರ್ಷಕ್ಕೆ ಕೇಳಿದವಳು ನೀನೇ ಮೊದಲು' ಎಂದರಂತೆ ಅವರು. ಒಳಗೆ ಕನ್ನಡಿ ಬರೆಯುವ ಹಲಗೆ ಇತ್ತು, ಕನ್ನಡಿ ಒಡೆದಿತ್ತು. ದಸರಾ ರಜೆಗೆ ನಾಲ್ಕೂ ಊರಿನವರು ಹೊಳೆನರಸೀಪುರದಲ್ಲಿ ಅಕ್ಕನ ಮನೆಯಲ್ಲಿ ಸೇರುತ್ತಿದ್ದೇವೆ. ಹಾಸನದಿಂದ ಕನ್ನಡಿ ನಾನು ತರುತ್ತೇನೆ. ಜೊತೆಗೆ ರೂಮ್‌ಮೇಟೂ ಬರುತ್ತಿದ್ದಾನೆ. ಹಾಳೆ ಹಿಡಿದು ಗುರುತು ಹಾಕುವ ಕೆಲಸ ತನಗೇ ಬೇಕಂತೆ, ನಾನು ಎಷ್ಟು ಸಲ ಬುದ್ಧಿ ಹೇಳುತ್ತೇನೆ ಎಂದು ಎಣಿಸುವುದಕ್ಕೆ.